ಸೀತವ್ವನ ಸಹಿ

ಹೋಳಿ ಹುಣ್ಣಿಮೆ ಮುಗಿದಿತ್ತು, ಯುಗಾದಿ ಇನ್ನೂ ಬರಬೇಕಾಗಿತ್ತು. ಮುಂಜಾನೆಯ ಹೊತ್ತು. ಇನ್ನೂ ಒಂಬತ್ತು ಹೊಡೆದಿರಲಿಲ್ಲ, ಆಗಲೇ ಬಿಸಿಲು ಕಟ್ಟೆಯ ಮೇಲೆ ಕೂಡಗೊಡದಂತಾಗಿತ್ತು. ಇಂಡಿ ಊರಿನ ಮನೆಯ ಅಂಗಳದಲ್ಲಿ ಬೇವಿನ ನೆರಳಿಗೆ ಗೋಣಿತಟ್ಟು ಹಾಸಿಕೊಂಡು ರಾಚಪ್ಪ ಲಿಂಬೆಕಾಯಿ ಆರಿಸುತ್ತ ಕೂತಿದ್ದ. ದಪ್ಪನೆಯವು ಒಂದು ಕಡೆ, ಸಣ್ಣವು ಒಂದು ಕಡೆ, ಕಜ್ಜಿ ಹತ್ತಿದವು ಬೇರೆ. ತಮ್ಮನ ಮಗಳು ಭಾಗ್ಯಜ್ಯೋತಿ ಒಳಗಿನಿಂದ ಬರಿಗಾಲಲ್ಲೇ ಓಡಿಬಂದು ಅವನ ಎದುರಿಗೆ ಕುಕ್ಕರಗಾಲಲ್ಲಿ ಕೂತಳು. ಕೈಯಲ್ಲಿ ಮೊಬೈಲು.

“ದೊಡ್ಡಪ್ಪಾ, ಸೀಟ ಸಿಕ್ತು.”

“ಯಾವೂರಾಗ?”

“ಹಾಲೆಂಡಿನ್ಯಾಗ. ಹೇಳಿದ್ನಲ್ಲ, ಗಿಡದ ರೋಗದ ಮ್ಯಾಲೆ ಎರಡ ವರ್ಷದ ಓದು. ಈಗ ಮೇಲ್ ಬಂತು.”

“ಅಲ್ಲಿ ಲಿಂಬಿ ಬೆಳೀತಾವೇನು?”

“ಎಲ್ಲೀದು! ಅಲ್ಲಿ ಥಂಡಿ ಭಾಳ.”

ರಾಚಪ್ಪ ನಕ್ಕ. “ಲಿಂಬಿ ಇಲ್ಲದ ದೇಶದಾಗ ಲಿಂಬಿಗೆ ಮದ್ದ ಕಲಸ್ತಾರಂತ. ಚೊಲೊ ಆತು.”

“ಡಾಕ್ಟರಗೋಳು ಮದ್ದ ಕಲಿಯಾಕ ತಾವ ಬ್ಯಾನಿ ಬೀಳ್ತಾರೇನು?”

“ಬಾಯಿ ನೋಡು ಇದರದು,” ಅಂದ ರಾಚಪ್ಪ. ಕೈಯಲ್ಲಿದ್ದ ಕಾಯಿಯನ್ನು ಯಾವ ಗುಂಪಿಗೆ ಹಾಕಬೇಕೆಂಬುದನ್ನೇ ಮರೆತು ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತ.

ಅದೇನು ಒಂದು ದಿವಸದಲ್ಲಿ ಆದ ಕೆಲಸವಲ್ಲ. ವಿಜಯಪುರದಲ್ಲಿ ಕೃಷಿ ಓದಿ ಮುಗಿಸಿದ ಮೇಲೆ ಎರಡು ವರ್ಷ ಹುಡುಗಿ ಅದನ್ನೇ ಹಿಡಿದು ಕೂತಿದ್ದಳು. ಇಂಗ್ಲಿಷಿನ ಪರೀಕ್ಷೆಗೆ ಹುಬ್ಬಳ್ಳಿಗೆ ಹೋದಾಗ ಜೊತೆಗೆ ಹೋದವನು ರಾಚಪ್ಪನೇ. ಆಕೆ ಒಳಗೆ ಇರುವಷ್ಟು ಹೊತ್ತೂ ಹೊರಗೆ ಒಂದು ಚಹಾದ ಅಂಗಡಿಯ ಬೆಂಚಿನ ಮೇಲೆ ಬುತ್ತಿಗಂಟು ಹಿಡಿದುಕೊಂಡು ಕೂತಿದ್ದ. ತಾನು ಯಾಕೆ ಓದಲು ಬರುತ್ತೇನೆ ಎಂದು ಆ ದೇಶದವರಿಗೆ ಎರಡು ಪುಟ ಬರೆಯಬೇಕಾಗಿತ್ತು. ಬರೆದು, ಹರಿದು, ಮತ್ತೆ ಬರೆದು, ಕಡೆಗೆ ಅದನ್ನು ಕನ್ನಡದಲ್ಲಿ ಅವನಿಗೆ ಓದಿಹೇಳಿದಳು. ಹೊರ್ತಿಯ ಹಾದಿಯಲ್ಲಿದ್ದ ತಮ್ಮ ಒಂದು ಲಿಂಬೆಯ ತೋಟ ಆಕೆ ಒಂಬತ್ತನೇ ಇಯತ್ತೆಯಲ್ಲಿದ್ದಾಗ ರೋಗ ಹತ್ತಿ ತುದಿಯಿಂದ ಬುಡದವರೆಗೆ ಒಣಗಿ ಹೋಗಿತ್ತು. ಅಲ್ಲಿಂದಲೇ ಶುರು ಮಾಡಿದ್ದಳು. ಪಾಸಪೋರ್ಟಿನ ವಿಚಾರಣೆಗೆಂದು ಬಂದ ಪೊಲೀಸಪ್ಪ ಚಹಾ ಕುಡಿದು, “ಗಂಡ ಹುಡುಗರು ಇಲ್ಲೇನ್ರಿ ಮನ್ಯಾಗ?” ಅಂತ ಕೇಳಿದ್ದ. ಅದಕ್ಕೆ ಭಾಗ್ಯಾನ ಅವ್ವ ಮಹಾದೇವಿ ಒಳಗಿನಿಂದಲೇ, “ಇದ್ದದ್ದ ಒಂದ ಸಾಕಾಗೇತ್ರಿ ಸಾಹೇಬ್ರ,” ಅಂದಿದ್ದಳು.

ಮನೆಗೆ ಒಂದೇ ಕೂಸು ಅದು. ರಾಚಪ್ಪನ ಹೆಂಡತಿ ತೀರಿಹೋಗಿ ಬಹಳ ವರ್ಷವಾಗಿತ್ತು, ಮಕ್ಕಳಾಗಿರಲಿಲ್ಲ. ತಮ್ಮ ಚಂದಪ್ಪನಿಗೆ ಈಕೆ ಒಬ್ಬಳೇ.

ಚಂದಪ್ಪ ಕೆಟ್ಟವನಲ್ಲ. ಆಡಿದ ಮಾತನ್ನು, ಕೊಡುವುದಿದ್ದರೂ ತಡೆಯುವುದಿದ್ದರೂ, ನಡೆಸುವವನು. ಸೀಟು ಸಿಕ್ಕ ದಿನ ಪೇಢೆ ತಂದು ಓಣಿಗೆಲ್ಲ ಹಂಚಿದ. ಹಂಚಿ ಬಂದು ಕೂತು ಹೇಳಿದ: “ನೋಡು ಭಾಗ್ಯಾ, ಈ ವರ್ಷ ಆತಂದ್ರ ಆತು, ನಾ ಅಡ್ಡ ಬರೂದಿಲ್ಲ. ಆಗಲಿಲ್ಲ ಅಂದ್ರ ದೀಪಾವಳಿ ಹೊತ್ತಿಗೆ ಗಂಡ ನೋಡಾಕ ಸುರು ಮಾಡಾಂವ. ಮುಂದಿನ ವರ್ಷ, ಮತ್ತಿನ ವರ್ಷ ಅಂತ ಮಾತ ತಗೀಬ್ಯಾಡ.”

“ಆತಪಾ,” ಅಂದಳು ಆಕೆ. ಆಗೇ ಆಗುತ್ತದೆ ಅನ್ನುವ ಧೈರ್ಯದಲ್ಲಿ ಅಂದಳು.

ಬ್ಯಾಂಕಿನವರು ಓದಿಗೆ ಸಾಲ ಕೊಡಲು ಒಪ್ಪಿದರು. ಆದರೆ ಹೊಲ ನಡೆಯುವುದಿಲ್ಲ, ಊರೊಳಗಿನ ಮನೆಯನ್ನು ಆಧಾರ ಇಡಿರಿ ಅಂದರು. ಮನೆ ಅಪ್ಪ ಕಟ್ಟಿಸಿದ್ದು. ಅವ್ವ ತೀರಿಕೊಂಡ ಮೇಲೆ ಮನೆಯ ಹಕ್ಕಿನ ಉತಾರದಲ್ಲಿ ಐದು ಹೆಸರು ಬಂದು ಕೂತಿದ್ದವು: ಅಣ್ಣತಮ್ಮರು ಇಬ್ಬರು, ಅಕ್ಕತಂಗಿಯರು ಮೂವರು. ಆ ಮೂವರೂ ಇಂಡಿಗೆ ಬಂದು, ನೋಂದಣಿ ಕಚೇರಿಯಲ್ಲಿ ನಿಂತು, ಈ ಮನೆಯ ಮೇಲಿನ ನಮ್ಮ ಹಕ್ಕು ಬಿಟ್ಟಿದ್ದೇವೆ ಎಂದು ಸಹಿ ಮಾಡಬೇಕು. ಆಮೇಲೆಯೇ ಸಾಲ, ಆಮೇಲೆಯೇ ಆ ದೇಶದವರಿಗೆ ಫೀಸು, ಆಮೇಲೆಯೇ ವೀಸಾ. ಒಂದು ಕಾಗದದ ಹಿಂದೆ ಒಂದು ಕಾಗದ, ಎತ್ತಿನ ಹಿಂದೆ ಎತ್ತು ನಿಂತ ಹಾಗೆ.

“ಮೂವರಿಗೂ ಫೋನ ಹಚ್ಚತೇನಿ. ಒಂದ ದಿನಾ ಬಂದು ಸಹಿ ಮಾಡಿ ಹೋಗ್ಲಿ,” ಅಂದ ಚಂದಪ್ಪ.

“ಫೋನ ಬ್ಯಾಡ,” ಅಂದ ರಾಚಪ್ಪ. “ಹಕ್ಕ ಬಿಡ್ರಿ ಅಂತ ಫೋನಿನ್ಯಾಗ ಕೇಳ್ತಾರೇನು? ನಾ ಹೋಗ್ತೇನಿ.”

ಬೇಸಿಗೆಯಲ್ಲಿ ಲಿಂಬೆಗೆ ಬೆಲೆ. ಗಿಡ ಬಿಟ್ಟು ಹೋಗುವ ಹಾಗಿರಲಿಲ್ಲ. ಬ್ಯಾಂಕಿನ ಮೊದಲ ಕಾಗದಗಳೂ ಹಿಂದೆ ಮುಂದೆ ಆಗಿ ವೈಶಾಖ ಕಳೆಯಿತು. ರೋಹಿಣಿ ಮಳೆ ಒಂದು ಸಲ ನೆಲ ನೆನೆಸಿ ಹೋದ ಮೇಲೆ ರಾಚಪ್ಪ ರುಮಾಲು ಸುತ್ತಿಕೊಂಡು ಹೊರಟ.

ಮೊದಲು ಸಿಂದಗಿ. ಅಲ್ಲಿ ತಂಗಿಯರಲ್ಲಿ ಹಿರಿಯಳು, ಸಿದ್ದಲಿಂಗವ್ವ. ಗಂಡ ಸಾಲೆಯ ಮಾಸ್ತರನಾಗಿದ್ದು ನಿವೃತ್ತನಾದವನು. ಅಣ್ಣನಿಗೆ ಗುಳ್ಳಡಕಿ ಮಾಡಿ ಹಾಕಿ, ಪೂರಾ ಕೇಳಿಕೊಂಡು, ಆಕೆ ಸೆರಗಲ್ಲಿ ಕೈ ಒರಸುತ್ತ ಅಂದಳು: “ಅಣ್ಣಾ, ನನ್ನ ಪಾಲಿಗೆ ಯಾವ ಗ್ವಾಡಿ ಬರ್ತೈತಿ ಮೊದಲ ಹೇಳು. ಬಚ್ಚಲ ಗ್ವಾಡಿ ಆದ್ರ ಈಗಿಂದೀಗ ಬಿಟ್ಟೆ. ಅಡಗಿಮನಿ ಗ್ವಾಡಿ ಆದ್ರ ವಿಚಾರ ಮಾಡಬೇಕು.”

“ಬಚ್ಚಲದ್ದ ತಗೋ.”

“ಹಂಗಾದ್ರ ಯಾವತ್ತ ಬರಬೇಕು ಹೇಳು, ಬರ್ತೇನಿ. ಹುಡುಗಿ ಓದ್ಲಿ. ನಮಗಂತೂ ಆರನೇತ್ತ ಮುಗಿಯೂದರಾಗ ಸೀರಿ ಉಡಿಸಿದ್ರಿ.”

ಮರುವಾರ ಬಸವನ ಬಾಗೇವಾಡಿ. ಬಸ್‌ ಸ್ಟ್ಯಾಂಡಿಗೆ ಅಳಿಯ, ತಂಗಿಯ ಮಗ, ಬೈಕು ತಂದಿದ್ದ, ಅದರ ಹಿಂದೆ ಕೂತು ಇಂಗಳೇಶ್ವರ. ಅಲ್ಲಿ ಎರಡನೆಯವಳು ಶಿವಗಂಗವ್ವ. ಬಾಯಿ ಸಡಿಲು, ಮನಸ್ಸು ದೊಡ್ಡದು. “ಅಲ್ಲಿಂದ ಬಿಳೇ ಅಳಿಯಾನ್ನ ಕಟಗೊಂಡ ಬಂದ್ಲಂದ್ರ ಏನ ಮಾಡ್ತಿ?” ಅಂದಳು.

“ಬಂದ್ರ ಬರ್ತಾನ. ರೊಟ್ಟಿ ಮುರಿಯೂದು ನೀ ಕಲಿಸಿಕೊಡು.”

“ಖಾರಬ್ಯಾಳಿ ಒಂದ ತುತ್ತ ಉಣಸ್ತೇನಿ, ಓಡಿ ಹೋಗ್ತಾನ ಮೂಳಾ.” ನಕ್ಕು, ಆಮೇಲೆ ದನಿ ಇಳಿಸಿದಳು. “ಅಣ್ಣಾ, ಸಣ್ಣಾಕಿ ಸೀತಾನ ಕಡೆ ಹೋಗೀಯೇನು? ಹೋಗು. ಹೋಗಿ ಮೊದಲ ಕೂತ ಮಾತಾಡು, ಕಾಗದ ಆಮ್ಯಾಲೆ ತಗಿ. ಮೂರ ವರ್ಷ ಆತು ಆಕೀ ಮುಖಾ ನೋಡಿ.”

ಅದು ರಾಚಪ್ಪನಿಗೆ ಗೊತ್ತಿಲ್ಲದ್ದೇನಲ್ಲ.

ನಮ್ಮ ಕಡೆ ನಾಗರ ಪಂಚಮಿಗೆ ಮನೆಮಗಳು ತಾನಾಗಿ ತವರಿಗೆ ಬರುವುದಿಲ್ಲ. ತವರಿನಿಂದ ಒಬ್ಬರು ಹೋಗಿ ಕರೆದುಕೊಂಡು ಬರಬೇಕು. ಅಣ್ಣನೋ ತಮ್ಮನೋ ಅಣ್ಣನ ಮಗನೋ, ಕೈಯಲ್ಲಿ ಒಂದು ತೆಂಗಿನಕಾಯಿ, ಒಂದು ಕುಬಸದ ಕಣ ಎಂದರೆ ರವಿಕೆಯ ಬಟ್ಟೆ ಹಿಡಿದುಕೊಂಡು ಹೋಗಿ, ಆಕೆಯ ಅತ್ತೆಯ ಮುಂದೆ ಕೂತು, ಕಳಿಸಿ ಕೊಡಿರಿ ಅಂತ ಕೇಳಬೇಕು. ಅವ್ವ ಇರುವವರೆಗೆ ರಾಚಪ್ಪ ಒಂದು ವರ್ಷವೂ ತಪ್ಪಿಸಿರಲಿಲ್ಲ. ಮೊದಲು ಸವಾರಿ ಬಂಡಿ, ಆಮೇಲೆ ಬಸ್ಸು, ಆಮೇಲೆ ಟೆಂಪೊ. ಅವ್ವ ಹೋದ ವರ್ಷ ಮನೆಯಲ್ಲಿ ಹಬ್ಬ ಮಾಡಲಿಲ್ಲ. ಅದರ ಮುಂದಿನ ವರ್ಷ ರಾಚಪ್ಪನ ಮೊಣಕಾಲು ಬಾತಿತ್ತು. ಚಂದಪ್ಪ, “ಎಲ್ಲಾರ ಮನ್ಯಾಗೂ ಗಾಡಿ ಅದಾವು, ಫೋನ ಮಾಡಿದ್ರ ಬರ್ತಾರ,” ಅಂದ. ಮಾಡಿದ. ಸಿಂದಗಿಯವಳೂ ಇಂಗಳೇಶ್ವರದವಳೂ ಮಕ್ಕಳ ಗಾಡಿಯಲ್ಲಿ ಬಂದರು. ಮುದ್ದೇಬಿಹಾಳದ ಸೀತವ್ವ ಬರಲಿಲ್ಲ. ಹೋದ ವರ್ಷವೂ ಫೋನೇ ಆಯಿತು. ಒಮ್ಮೆ ಸಡಿಲಾದದ್ದು ಹಾಗೇ ರೂಢಿಯಾಗುತ್ತದೆ, ಯಾರಿಗೂ ಅದು ತಪ್ಪು ಅನ್ನಿಸಲಿಲ್ಲ. ಸೀತವ್ವ ಆಗಲೂ ಬರಲಿಲ್ಲ. “ಮನ್ಯಾಗ ಕೆಲಸ ಐತಿ ಅಣ್ಣಾ,” ಅಂದಿದ್ದಳು.

ಮುದ್ದೇಬಿಹಾಳಕ್ಕೆ ಹೋಗುವಾಗ ಭಾಗ್ಯಾ ತಾನೂ ಬರುತ್ತೇನೆ ಅಂದಳು. ಬ್ಯಾಂಕಿನ ಕಾಗದದ ಕಡತ ಆಕೆಯ ಚೀಲದಲ್ಲಿತ್ತು. ಬಿತ್ತಿಗೆಗೆ ಮಂದಿ ಹೊಲ ಹಿಡಿದಿದ್ದ ದಿನಗಳು, ಬಸ್ಸು ಖಾಲಿ. ಕಿಟಕಿಯ ಹತ್ತಿರ ಕೂತು ಹುಡುಗಿ ದಾರಿಯುದ್ದಕ್ಕೂ ಹೇಳುತ್ತ ಬಂದಳು: ಅಲ್ಲಿ ಎಲ್ಲರೂ ಸೈಕಲ್ಲಿನ ಮೇಲೆ ಓಡಾಡುತ್ತಾರಂತೆ, ಮಧ್ಯಾಹ್ನಕ್ಕೆ ತಣ್ಣನೆಯ ಬ್ರೆಡ್ಡೇ ಊಟವಂತೆ, ಚಳಿಗಾಲದಲ್ಲಿ ನಾಲ್ಕಕ್ಕೇ ಕತ್ತಲಂತೆ. ಧಾರವಾಡದ ಕಡೆಯ ಒಬ್ಬಳು ಹುಡುಗಿ ಫೋನಿನಲ್ಲಿ ಪರಿಚಯವಾಗಿದ್ದಳು, ಇಬ್ಬರೂ ಒಂದೇ ಕೋಣೆ ಹಿಡಿಯುವುದು ಅಂತ ಮಾತಾಗಿತ್ತು. ರೊಟ್ಟಿ ತಿನ್ನುವುದನ್ನು ಬಿಡಬಾರದು ಅಂತ ಕಟಕ ರೊಟ್ಟಿಯ ಗಂಟು ಎಷ್ಟು ಒಯ್ಯಬಹುದು ಎಂದು ತೂಕ ಹಾಕುತ್ತಿದ್ದಳು.

ಸೀತವ್ವನ ಮನೆ ಬಜಾರದ ಹಿಂದಿನ ಓಣಿಯಲ್ಲಿ. ಗಂಡ ಸಂಗನಬಸಪ್ಪನದು ಗೊಬ್ಬರದ ಅಂಗಡಿ, ಸಾದಾ ಮನುಷ್ಯ. ಮನೆಯ ಮಾತು ನಡೆಯುವುದು ಅವನ ಅವ್ವನದು. ಆ ಮುದುಕಿ ಪಡಸಾಲೆಯಲ್ಲಿ ಎಲೆಯಡಿಕೆಯ ಡಬ್ಬಿ ಮುಂದಿಟ್ಟುಕೊಂಡು ಕೂತಿತ್ತು. ರಾಚಪ್ಪನನ್ನು ಕಂಡು ಕಣ್ಣಿಗೆ ಕೈ ಅಡ್ಡ ಹಿಡಿಯಿತು.

“ಬರ್ರಿ ಬೀಗ್ರ. ನಮ್ಮೂರ ಹಾದಿ ಇನ್ನೂ ಐತ್ರಿ? ಮುಚ್ಚೇತಂತ ಮಾಡಿದ್ದೆ.”

“ಐತ್ರಿ ಯವ್ವಾ,” ಅಂದ ರಾಚಪ್ಪ.

“ಫೋನ ಬಂತಂದ್ರ ಹಾದಿ ಯಾಕ ಬೇಕು? ನಾ ನಮ್ಮ ಸೊಸಿಗೆ ಅಂದೆ, ಫೋನಿನ್ಯಾಗ ಕರದ್ರ ಫೋನಿನ್ಯಾಗ ಹೋಗಿ ಉಂಡಿ ತಿಂದ ಬಾ ಅಂತ.”

ಸೀತವ್ವ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಳು. ಅಣ್ಣನನ್ನೂ ಹುಡುಗಿಯನ್ನೂ ನೋಡಿದಳು. ಹಾಗೇ ಒಳಗೆ ತಿರುಗಿದಳು. ಮತ್ತೆ ಹೊರಗೆ ಬಂದಾಗ ಹೊಸ ಸೀರೆ ಉಟ್ಟಿದ್ದಳು, ಕೈಯಲ್ಲಿ ನೀರಿನ ತಂಬಿಗೆ. ಮುಖ ಬೇರೆಯಾಗಿತ್ತು.

“ಅತ್ತೀ, ಈ ಸಲ ನಮ್ಮಣ್ಣ ಮೊದಲ ಬಂದಾನ ನೋಡ್ರಿ, ಪಂಚಮಿಗೆ ಕರಿಯಾಕ,” ಅಂದಳು. ಮುದುಕಿ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿತು.

“ಪಂಚಮಿ ಇನ್ನೂ ಎಲ್ಲಿ ಐತಿ?”

“ಅದಕ್ಕ ರೀ. ಎರಡ ವರ್ಷ ತಪ್ಪೇತಂತ ಮುಂಗಡ ಹೇಳಾಕ ಬಂದಾನ. ಭಾಗ್ಯಾನ್ನೂ ಕರಕೊಂಡ ಬಂದಾನ.” ಗೋಡೆಯಾಚೆಗೆ ನೆರೆಮನೆಯ ಶಮಶಾದಬಿ ಬಟ್ಟೆ ಒಣಹಾಕುತ್ತಿದ್ದಳು. ಸೀತವ್ವ ಅಲ್ಲಿಗೂ ಕೇಳುವ ಹಾಗೆ ಕೂಗಿದಳು: “ಶಮಶಾದಬೂ, ನಮ್ಮ ತವರಮನಿಯವರು ಕರಿಯಾಕ ಬಂದಾರ ನೋಡವಾ!”

“ಬಂದ್ರ? ನಿನ್ನ ಹಾದಿ ನೋಡೂದು ಮುಗೀತ ಬಿಡಕ್ಕಾ!” ಅಂತ ಆಚೆಯಿಂದ ದನಿ ಬಂತು.

ರಾಚಪ್ಪ ಭಾಗ್ಯಾನ ಕಡೆ ನೋಡಿದ. ಆಕೆ ಚೀಲವನ್ನು ಕಾಲ ಬುಡದಿಂದ ಮೆಲ್ಲಗೆ ಬೆನ್ನ ಹಿಂದೆ ಸರಿಸುತ್ತಿದ್ದಳು.

ಊಟವಾದ ಮೇಲೆ ಅಡುಗೆಮನೆಗೆ ಹೋಗಿ ರಾಚಪ್ಪ ತಂಗಿಗೆ ಎಲ್ಲವನ್ನೂ ಹೇಳಿದ. ಹೇಳದೆ ಬರುವ ಹಾಗಿರಲಿಲ್ಲ. ಮನೆ, ಬ್ಯಾಂಕು, ಸಹಿ. ಸೀತವ್ವ ಒಲೆಯ ಮುಂದೆ ಕೂತು ಕೇಳಿದಳು. ಗಂಗಾಳದ ಅಂಚನ್ನು ಬೆರಳಿಂದ ತಿಕ್ಕುತ್ತಿದ್ದಳು.

“ಸಹೀಗೆ ಬಂದಿ ಅನ್ನು.”

“ಅದಕ್ಕೂ ಬಂದೆ.”

“ಸಹೀ ಮಾಡೂದಿಲ್ಲಂತ ನಾ ಎಲ್ಲಿ ಅಂದೆ ಅಣ್ಣಾ? ನಮ್ಮ ಹುಡುಗಿ ಅಲ್ಲೇನ ಅದು? ಆದ್ರ ಇವತ್ತ ನಿನ್ನ ಕೂಡ ಬಂದು ಸಹೀ ಒತ್ತಿ ಸಂಜೀಕ ತಿರಗಿ ಬಂದ್ನೆಂದ್ರ, ಹೊರಗ ಕೂತಾಳಲ್ಲ, ಆಕಿ ಸಾಯೂತನ ಆಡ್ಕೋತಾಳ. ಬೇಕಾದಾಗ ಬಂದ್ರು, ಹಕ್ಕ ಕಸಗೊಂಡ ಹೋದ್ರು ಅಂತ. ಈಗಿನ್ನ ಓಣಿಗೆಲ್ಲ ಕೂಗಿ ಹೇಳೀನಿ.” ಗಂಗಾಳ ಕೆಳಗಿಟ್ಟಳು. “ಹಕ್ಕ ಬಿಟ್ಟ ಮ್ಯಾಲೆ ಆ ಮನಿಗೆ ನಾ ಯಾರು? ಪಂಚಮಿಗೆ ಬಂದು ಕರಿ. ಮಗಳಾಗಿ ಬರ್ತೇನಿ, ಜೋಕಾಲಿ ಆಡತೇನಿ, ಮರದಿವಸ ಎಲ್ಲಿ ಅಂದ್ರ ಅಲ್ಲಿ ಸಹೀ ಮಾಡ್ತೇನಿ. ಅಷ್ಟರಾಗ ಆದ್ರ ನಡೀತೈತಿಲ್ಲೊ?”

ಬೇಗ ಆಗಬೇಕು ಅನ್ನುವುದಷ್ಟೇ ರಾಚಪ್ಪನಿಗೆ ಗೊತ್ತಿತ್ತು. ಬಾಗಿಲ ಹತ್ತಿರ ನಿಂತಿದ್ದ ಭಾಗ್ಯಾ ಅಂದಳು:

“ನಡೀತೈತಿ ಅತ್ತಿ. ಪಂಚಮಿಗೆ ನಾನ ಕರಿಯಾಕ ಬರ್ತೇನಿ. ಗಂಡ ಹುಡುಗರ ಬರಬೇಕಂತೇನರ ಐತೇನು?”

“ಯಾಕ ಇರ್ತೈತಿ ನನ್ನವ್ವಾ, ನೀನ ಬಾ,” ಅಂದಳು ಸೀತವ್ವ. ಎದ್ದು ಆಕೆಯ ಗದ್ದ ಹಿಡಿದಳು, ಕಣ್ಣು ಒರಸಿಕೊಂಡಳು.

ತಿರುಗಿ ಬರುವಾಗ ಹುಡುಗಿ ಕಿಟಕಿಗೆ ತಲೆ ಆನಿಸಿಕೊಂಡು ಕೂತಿತ್ತು. “ದಿನಾ ಹೊಂದತೈತಿಲ್ಲೊ ಭಾಗ್ಯಾ?” ಅಂತ ರಾಚಪ್ಪ ಕೇಳಿದ. “ಹೊಂದತೈತಿ ದೊಡ್ಡಪ್ಪಾ,” ಅಂದಿತು. ಅವನು ನಂಬಿದ. ಲಿಂಬೆಯ ಪೇಟೆಯಲ್ಲಿ ಬಾಯಿಮಾತು ಆದ ಸಂಜೆಗೆ ಚೀಲ ಲಾರಿ ಏರುತ್ತವೆ. ಬ್ಯಾಂಕೂ ಹಾಗೇ ಇದ್ದೀತು, ಪಂಚಮಿಯ ಮರುದಿವಸ ಸಹಿ, ಅದರ ಮರುದಿವಸ ಸಾಲ ಅಂತ ತಿಳಿದ.

ಮಣ್ಣೆತ್ತಿನ ಅಮಾವಾಸ್ಯೆ ಎದುರಿಗಿತ್ತು. ರಾಚಪ್ಪ ಪೂಜೆಯ ಎತ್ತು ಮಾಡಲು ಕೆರೆಯ ಮಣ್ಣು ತರಲು ಹೋಗಿ ಬ್ಯಾಂಕಿನ ಮುಂದೆ ಬರುತ್ತಿದ್ದಾಗ ಮ್ಯಾನೇಜರು ಹೊರಗೆ ನಿಂತಿದ್ದರು.

“ಯಜಮಾನ್ರ, ತಂಗಿಯಾರ ಸಹಿ ಯಾವಾಗ್ರಿ?”

“ಪಂಚಮಿಗೆ ಆಗ್ತೈತ್ರಿ.”

“ಪಂಚಮಿಗೆ?” ಮ್ಯಾನೇಜರು ಕನ್ನಡಕ ತೆಗೆದರು. “ಪತ್ರ ಆದ ಮೇಲೆ ನಮ್ಮ ವಕೀಲರು ನೋಡಬೇಕು, ಎಂಜಿನಿಯರು ಬಂದು ಮನೆ ಅಳೀಬೇಕು. ಅದಕ್ಕೇ ಮೂರು ವಾರ ಬೇಕ್ರಿ. ಈ ವಾರದಾಗ ಬಂದ್ರ ಹೆಂಗರ ಮಾಡಿ ಕೊಡ್ತೇವಿ, ಇಲ್ಲಾಂದ್ರ ಅಲ್ಲಿ ಫೀಸ್ ಕಟ್ಟೋ ದಿನ ಮುಗೀತದ. ನಿಮ್ಮ ಹುಡುಗಿಗೆ ಎರಡು ಸಲ ಹೇಳೀನಲ್ಲ.”

ರಾಚಪ್ಪ ಮಣ್ಣಿನ ಗಂಟು ಹೊತ್ತು ಮನೆಗೆ ಬಂದ. ಭಾಗ್ಯಾ ಬೇವಿನ ಬುಡದಲ್ಲಿ ಅವನ ತಟ್ಟಿನ ಮೇಲೆ ಕೂತು ಕಾಯಿ ಆರಿಸುತ್ತಿದ್ದಳು.

“ಯಾಕ ಸುಳ್ಳ ಹೇಳಿದಿ?”

ಆಕೆಗೆ ತಿಳಿಯಿತು. ಕೈ ನಿಲ್ಲಿಸಲಿಲ್ಲ.

“ಅತ್ತಿ ಸೀರಿ ಬದಲಿ ಮಾಡಿಕೊಂಡ ಬಂದದ್ದ ನೋಡಿದಿಲ್ಲೊ ದೊಡ್ಡಪ್ಪಾ? ನಮ್ಮನ್ನ ನೋ‍ಡಿ ಒಳಗ ಹೋಗಿ ಹೊಸಾ ಸೀರಿ ಉಟಗೊಂಡ ಬಂದ್ಲು. ನಾ ಆ ಚೀಲಾ ಹೆಂಗ ಬಿಚ್ಚಲಿ?”

“ನಾ ಈಗ ಹೋಗ್ತೇನಿ. ಖರೇ ಹೇಳ್ತೇನಿ. ಕೇಳಿದ್ಲಂದ್ರ ನಿಂತ ಹೆಜ್ಜ್ಯಾಗ ಬರ್ತಾಳ.”

“ಬರ್ತಾಳ. ಅದಕ್ಕ ಹೋಗಬ್ಯಾಡ ಅನ್ನಾಕತ್ತೇನಿ. ಬರ್ತಾಳ, ಸಹೀ ಮಾಡ್ತಾಳ, ತಿರಗಿ ಹೋಗಿ ಆ ಮುದುಕಿ ಬಾಯಾಗ ಇರಬೇಕಾದಾಕಿ ಆಕಿ. ನಾ ಅಲ್ಲಿ ಕೂತು ಏನ ಓದ್ಲಿ?”

“ನಿಮ್ಮಪ್ಪನ ಮಾತ ನೆನಪೈತಿಲ್ಲೊ?”

“ಐತಿ.”

ಅಷ್ಟೇ ಅಂದಳು. ಒಂದು ಕಾಯಿಯನ್ನು ಬಹಳ ಹೊತ್ತು ತಿರುಗಿಸಿ ತಿರುಗಿಸಿ ನೋಡಿ ಕಜ್ಜಿಯ ಗುಂಪಿಗೆ ಹಾಕಿದಳು. ಅದಕ್ಕೆ ಕಜ್ಜಿ ಇರಲಿಲ್ಲ.

ರಾಚಪ್ಪ ಮಾತು ಕೇಳಲಿಲ್ಲ. ಮರುದಿನ ಮುಂಜಾನೆ ಯಾರಿಗೂ ಹೇಳದೆ ಮೊದಲ ಬಸ್ಸು ಹತ್ತಿ ಸಿಂದಗಿಯಲ್ಲಿ ಇಳಿದ. ಅಲ್ಲಿಂದ ತಾಳಿಕೋಟಿಯ ಮೇಲೆ ಮುದ್ದೇಬಿಹಾಳಕ್ಕೆ ಬಸ್ಸು ಹಿಡಿಯಬೇಕು. ಕಲ್ಲುಬೆಂಚಿನ ಮೇಲೆ ಕೂತ. ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಜೋಡಿಸಿಕೊಂಡ: ತಂಗೀ, ನೀ ಈಗ ಬರದಿದ್ದರೆ ಹುಡುಗಿಯ ಸೀಟು ಹೋಗುತ್ತದೆ. ಅಷ್ಟೇ ಮಾತು. ಆದರೆ ಅದನ್ನು ಎಲ್ಲಿ ನಿಂತು ಹೇಳುವುದು? ಪಡಸಾಲೆಯಲ್ಲಿ ಮುದುಕಿ, ಗೋಡೆಯಾಚೆ ಶಮಶಾದಬಿ. ಪಂಚಮಿಗೆ ಕರೆಯಲು ಬಂದವನು ಹದಿನೈದು ದಿನದಲ್ಲಿ ಸಹಿಗೆ ಬಂದ ಅಂತ ಆಗುತ್ತದೆ. ಹೇಳದಿದ್ದರೆ ಹುಡುಗಿಯ ಓದು ಹೋಗುತ್ತದೆ. ಎರಡನ್ನೂ ತೂಗಿ ನೋಡುತ್ತ ಕೂತವನ ಮುಂದೆ ಮುದ್ದೇಬಿಹಾಳದ ಬಸ್ಸು ಬಂದು ನಿಂತಿತು. ಕಂಡಕ್ಟರು ಬಾಗಿಲಲ್ಲಿ ನಿಂತು, “ಅಜ್ಜಾರ, ಬರ್ತೀರೇನ್ರಿ?” ಅಂತ ಕೇಳಿದ. ರಾಚಪ್ಪ ಅವನ ಮುಖವನ್ನೇ ನೋಡಿದ. ಬಸ್ಸು ಹೋಯಿತು. ಇನ್ನೊಂದು ಬಂತು, ಅದೂ ಹೋಯಿತು.

ಊರಲ್ಲೇ ಇದ್ದ ಸಿದ್ದಲಿಂಗವ್ವನ ಮನೆಗೂ ಹೋಗದೆ ಮಧ್ಯಾಹ್ನಕ್ಕೆ ಇಂಡಿಗೆ ತಿರುಗಿದ. ಎಲ್ಲಿಗೆ ಹೋಗಿದ್ದೆ ಅಂತ ಭಾಗ್ಯಾ ಕೇಳಲಿಲ್ಲ. ಊಟಕ್ಕೆ ಬಡಿಸಿದಳು.

ಆ ವಾರ ಕಳೆಯಿತು. ಆಮೇಲಾಮೇಲೆ ಮನೆಯಲ್ಲಿ ಹಾಲೆಂಡಿನ ಮಾತು ಕಮ್ಮಿಯಾಗುತ್ತ ಬಂತು. ಧಾರವಾಡದ ಹುಡುಗಿ ಬೇರೆ ಯಾರನ್ನೋ ಕೋಣೆಗೆ ಹುಡುಕಿಕೊಂಡಳು. ಆ ದೇಶದವರಿಗೆ ಭಾಗ್ಯಾ ಬರೆದಳು, ಇನ್ನಷ್ಟು ದಿನ ಕೊಡಿರಿ ಅಂತ. ಆಗುವುದಿಲ್ಲ, ಬರುವ ವರ್ಷ ಮತ್ತೆ ಹೊಸದಾಗಿ ಅರ್ಜಿ ಹಾಕಿರಿ, ಸಿಕ್ಕರೆ ಸಿಕ್ಕೀತು ಎಂದು ಬಹಳ ಮರ್ಯಾದೆಯ ಉತ್ತರ ಬಂತು. ಚಂದಪ್ಪನಿಗೆ ಎಲ್ಲ ತಿಳಿದದ್ದು ಆಗಲೇ. ಕೇಳಿ ಹೊರಗೆ ಹೋದವನು ತಿರುಗಿ ಅಣ್ಣನ ಹತ್ತಿರ ಬಂದು ನಿಂತ.

“ನೀ ಆವತ್ತ ಒಂದ ಮಾತ ಬಾಯಿ ಬಿಟ್ಟಿದ್ರ ಸೀತಾ ಬರ್ತಿದ್ಲಣ್ಣಾ.”

“ಬರ್ತಿದ್ಲು,” ಅಂದ ರಾಚಪ್ಪ.

“ಮತ್ತ?”

ರಾಚಪ್ಪ ಆರಿಸಿದ ಕಾಯಿಗಳನ್ನು ಚೀಲಕ್ಕೆ ತುಂಬತೊಡಗಿದ. ಚಂದಪ್ಪ ನಸೀಬ ಅಂದು ಒಳಗೆ ಹೋದ.

ಪಂಚಮಿ ಬಂತು. ಹಬ್ಬ ಶುರುವಾಗುವ ರೊಟ್ಟಿಪಂಚಮಿಯ ಹಿಂದಿನ ದಿವಸ, ಶನಿವಾರ, ಓಣಿಯ ಅಕ್ರಮ್‌ನ ಬಾಡಿಗೆಯ ಕ್ರೂಸರ್ ಗಾಡಿ ಗೊತ್ತು ಮಾಡಿಕೊಂಡು ರಾಚಪ್ಪನೂ ಭಾಗ್ಯಾನೂ ಮುದ್ದೇಬಿಹಾಳಕ್ಕೆ ಹೋದರು. ಭಾಗ್ಯಾ ಸೀರೆ ಉಟ್ಟಿದ್ದಳು, ಕೈಯಲ್ಲಿ ಕಾಯಿ, ಕುಬಸದ ಕಣ. “ಅಕ್ಕಾರ, ಕರಿಯಾಕ ಹೊಂಟೀರೊ, ಹೆಣ್ಣ ನೋಡಾಕ ಹೊಂಟೀರೊ?” ಅಂತ ಅಕ್ರಮ್ ನಗಿಸಲು ನೋಡಿದ. ಮುದುಕಿಯ ಮುಂದೆ ಕೂತು ಭಾಗ್ಯಾ, “ಯಮ್ಮಾ, ನಮ್ಮತ್ತೀನ್ನ ಕಳಿಸಿ ಕೊಡ್ರಿ,” ಅಂದಳು. ಮುದುಕಿ ಹುಡುಗಿಯನ್ನು ಮೇಲಿಂದ ಕೆಳಗೆ ನೋಡಿ, “ಕಲತಾಕಿ ಇದ್ರೂ ರೀತಿ ಗೊತ್ತೈತಿ,” ಅಂದು ಎಲೆಯಡಿಕೆಯ ಪಟ್ಟಿ ಕೈಗಿತ್ತಿತು. ಓಣಿಯ ಹೆಂಗಸರು ಬಾಗಿಲಿಗೆ ಬಂದು ನಿಂತಿದ್ದರು. ಸೀತವ್ವ ಅವರೆಲ್ಲರ ನಡುವೆ ನಡೆದು ಬಂದು ಗಾಡಿ ಏರಿದಳು.

ಮೂರು ವರ್ಷದ ಮೇಲೆ ಮೂವರು ತಂಗಿಯರೂ ಆ ಮನೆಯಲ್ಲಿ ಕೂಡಿದರು. ಬೇವಿಗೆ ಜೋಕಾಲಿ ಕಟ್ಟಿದರು. ಶೇಂಗಾದ ಉಂಡಿ, ಎಳ್ಳುಂಡಿ, ತಂಬಿಟ್ಟು, ಜೋಳದ ಅಳ್ಳು. ಸೋಮವಾರ ಹುತ್ತಕ್ಕೆ ಹಾಲೆರೆದು ಬಂದರು. ಐವತ್ತು ದಾಟಿದ ಸೀತವ್ವ ಕಚ್ಚೆ ಬಿಗಿದು ನಿಂತು ಜೀಕಿದಳು. “ಟೊಂಗಿ ಮುರದೀತಬೇ, ಇಳಿ!” ಅಂತ ಶಿವಗಂಗವ್ವ ಕೆಳಗಿನಿಂದ ಒದರುತ್ತಿದ್ದಳು. ಭಾಗ್ಯಾ ಹಿಂದೆ ನಿಂತು ನೂಕುತ್ತಿದ್ದಳು, ಎಲ್ಲರಿಗಿಂತ ಜೋರಾಗಿ ನಗುತ್ತಿದ್ದಳು. ಸಿದ್ದಲಿಂಗವ್ವ ಒಬ್ಬಳು ಉಂಡಿ ಮುರಿಯುತ್ತ ಹುಡುಗಿಯನ್ನೇ ನೋಡುತ್ತಿದ್ದಳು. “ಅಣ್ಣಾ, ಏನೋ ಮುಚ್ಚಿಡಾಕತ್ತೀರಿ,” ಅಂದಳು. ರಾಚಪ್ಪ ಕೇಳದವನ ಹಾಗೆ ಹಗ್ಗದ ಗಂಟು ಬಿಗಿಯಲು ಎದ್ದು ಹೋದ.

ಮಂಗಳವಾರ ಮಧ್ಯಾಹ್ನ ಚಂದಪ್ಪ ಅಣ್ಣನನ್ನೂ ಮಗಳನ್ನೂ ಹಿತ್ತಲಿಗೆ ಕರೆದ.

“ಮೂರೂ ಮಂದಿ ಬಂದಾರ. ನಾಳೆ ಸಹೀ ಮಾಡಿಸಿಬಿಡೂಣು. ಇಂದಿಲ್ಲ ನಾಳೆ ಬೇಕಾಗತೈತಿ.”

“ಮಾಡಸ್ರಿ,” ಅಂದಳು ಭಾಗ್ಯಾ. “ಸಹೀ ಬ್ಯಾಡ ಅಂದ್ರ ಸೀತತ್ತಿಗೆ ಗೊತ್ತಾಗತೈತಿ, ತನ್ನಿಂದ ಹೋತು ಅಂತ.”

ರಾಚಪ್ಪ ಮನೆಯಲ್ಲಿ ಬೇಡ ಅಂದದ್ದು ಕಮ್ಮಿ.

“ಬ್ಯಾಡ,” ಅಂದ. “ಹುಡುಗಿ ಓದ್ಲಿ ಅಂತ ಬಿಡಾಕ ಬಂದಾರ ಅವರು. ಓದ ಇಲ್ಲದ ಮ್ಯಾಲೆ ಇಸಗೊಳ್ಳೂದು ಹೆಂಗ? ಅದು ನನ್ನಿಂದ ಆಗೂದಿಲ್ಲ ಚಂದಪ್ಪ. ನನ್ನ ಸಹೀನೂ ಬೇಕಾಗತೈತಿ ಅದಕ್ಕ, ನಾ ಹಾಕೂದಿಲ್ಲ.”

ಪಡಸಾಲೆಗೆ ಬಂದು ತಂಗಿಯರ ಮುಂದೆ ಕೂತು, ಬ್ಯಾಂಕಿನವರು ಈಗ ಮನೆ ಕೇಳುತ್ತಿಲ್ಲ, ಬೇರೆ ದಾರಿ ಆಗಿದೆ, ಸಹಿ ಬೇಕಾಗಿಲ್ಲ ಅಂದ. ಇಷ್ಟು ವಯಸ್ಸಿಗೆ ಅವನಾಡಿದ ದೊಡ್ಡ ಸುಳ್ಳು ಅದು. ಆಡುವಾಗ ರುಮಾಲು ಸರಿ ಮಾಡಿಕೊಂಡ.

“ಬ್ಯಾಡಂತ?” ಸೀತವ್ವ ಅಂದಳು. “ಹಂಗಾದ್ರ ಈ ಮನ್ಯಾಗ ನಮ್ಮ ಹೆಸರು ಹಂಗ ಉಳೀತೇನು?”

“ಉಳೀತು.”

ಆಕೆ ನಕ್ಕಳು. ಎದ್ದು ಹೋಗಿ ತನ್ನ ಗಂಟು ಬಿಚ್ಚಿ ಒಂದು ಕೌದಿ ತಂದಳು. ಹೊಸದು, ಒತ್ತಾಗಿ ಹೊಲಿದದ್ದು. ನಡುವೆ ಅವ್ವನ ಹಳೆಯ ಇಳಕಲ್ ಸೀರೆಯ ದಡಿ. “ನೀವ ಬಂದ ಹೋದ ದಿವಸದಿಂದ ಹೊಲ್ಯಾಕ ಕೂತೆ. ಥಂಡಿ ದೇಶ ಅಂದಿಲ್ಲೊ. ಹೊತಗೊಂಡ ಓದು.” ಭಾಗ್ಯಾನ ಹೆಗಲ ಮೇಲೆ ಹೊದಿಸಿದಳು. ಶ್ರಾವಣದ ಆ ಸೆಕೆಯಲ್ಲಿ ಹುಡುಗಿ ಅದನ್ನು ಹೊದ್ದು ಹಾಗೇ ನಿಂತಿತ್ತು. ಬೆವರು ಇಳಿಯುತ್ತಿತ್ತು. ಮಹಾದೇವಿ ಒಳಗೆ ಹೋಗಿ ಪಾತ್ರೆ ಸದ್ದು ಮಾಡತೊಡಗಿದಳು.

“ವಿಮಾನ ಯಾವತ್ತವಾ?”

“ದಿನಾ ಇನ್ನೂ ಹೇಳಿಲ್ಲ ಅತ್ತಿ.”

ಸಿದ್ದಲಿಂಗವ್ವ ಎದ್ದು ಮಹಾದೇವಿಯ ಹಿಂದೆ ಒಳಗೆ ಹೋದಳು. ಸೀತವ್ವ ದಸರೆಯ ಹೊತ್ತಿಗೆ ಫೋನು ಮಾಡಿ ಕೇಳುತ್ತಾಳೆ, ಆಗ ಏನು ಹೇಳುವುದೆಂದು ರಾಚಪ್ಪನಿಗೆ ಇನ್ನೂ ಹೊಳೆದಿರಲಿಲ್ಲ. ಆ ಸಂಜೆ ಕಟ್ಟೆಯ ಮೇಲೆ ಕೂತು ಚಂದಪ್ಪ ಇಂಗಳೇಶ್ವರದ ಅಳಿಯನ ಹತ್ತಿರ ಬಸವನ ಬಾಗೇವಾಡಿಯ ಒಂದು ಮನೆತನದ ಬಗ್ಗೆ ವಿಚಾರಿಸುತ್ತಿದ್ದ. ಹುಡುಗನದು ಔಷಧದ ಅಂಗಡಿಯಂತೆ, ಒಳ್ಳೆಯವನಂತೆ. ಒಳಗೆ ಭಾಗ್ಯಾ ಕೌದಿಯನ್ನು ಮಡಚಿ ಮಡಚಿ ಸಣ್ಣದು ಮಾಡಿ ಟ್ರಂಕಿನಲ್ಲಿಡುತ್ತಿದ್ದಳು.

ಸಿಂದಗಿಯವಳೂ ಇಂಗಳೇಶ್ವರದವಳೂ ಬುಧವಾರ ಹೋದರು. ಸೀತವ್ವನನ್ನು ಇನ್ನೊಂದು ದಿವಸ ಇಟ್ಟುಕೊಂಡರು. ಉಡಿ ತುಂಬಿದರು, ರೊಟ್ಟಿ ಉಂಡಿಯ ಗಂಟು ಕಟ್ಟಿಕೊಟ್ಟರು. ಗಾಡಿಯಲ್ಲಿ ಕೂತ ಮೇಲೆ ಆಕೆ ಕಿಟಕಿಯಿಂದ ಕೈ ಹೊರಗೆ ಹಾಕಿ ಭಾಗ್ಯಾನ ಕೈ ಹಿಡಿದುಕೊಂಡಳು. ಗಾಡಿ ಚಾಲೂ ಆಗುವವರೆಗೂ ಬಿಡಲಿಲ್ಲ. ಹುಡುಗಿ ನಗುತ್ತಲೇ ನಿಂತಿತ್ತು, ಗಾಡಿ ಮರೆಯಾದ ಮೇಲೆ ಒಳಗೆ ಹೋಯಿತು. ಆ ವರ್ಷ ಆ ಮನೆಯಿಂದ ಹೊರಟವಳು ಸೀತವ್ವ. ಶ್ರಾವಣದ ಗುರುವಾರ, ಮುದ್ದೇಬಿಹಾಳಕ್ಕೆ.